ಹಳೆಯ ಸೈಕಲ್ಲಿನ ಕ್ರೋಮ್ ಲೇಪವನ್ನು ಮನೆಯಲ್ಲಿ ಕರಗಿಸುವ ಬಗ್ಗೆ

ಮಾನ್ಯ ಸಂಪಾದಕರೆ,

ಹಿತ್ತಲಲ್ಲಿ ತುಕ್ಕು ಹಿಡಿದು ನಿಂತಿರುವ ಹಳೆಯ ಸೈಕಲ್ಲುಗಳನ್ನು ಮನೆಯಲ್ಲೇ ಬಿಚ್ಚಿ, ತೊಳೆದು, ಮತ್ತೆ ಓಡುವಂತೆ ಮಾಡಿಕೊಳ್ಳುವ ಕುರಿತು ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಈಚೆಗೆ ಪ್ರಕಟವಾದ ಲೇಖನವನ್ನು ಓದಿದೆ. ಹಬ್ ಬಿಚ್ಚಿ ಬೇರಿಂಗ್ ಗುಂಡುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುವ ಕ್ರಮ, ಪೆಡಲ್ ಕ್ರ್ಯಾಂಕನ್ನು ಅಚ್ಚಿಗೆ ಬಿಗಿದಿಡುವ ಕಾಟರ್ ಪಿನ್ನನ್ನು ಬಡಿದು ಹಾಳು ಮಾಡದೆ ಹೊರತೆಗೆಯುವ ಉಪಾಯ, ಕಡ್ಡಿ ಬಿಗಿದು ರಿಮ್ಮಿನ ಬೆಂಡು ತೆಗೆಯುವ ವಿವರ, ಇವೆಲ್ಲ ಕೈಗೆ ಗ್ರೀಸ್ ಮೆತ್ತಿಕೊಂಡವರು ಮಾತ್ರ ಬರೆಯಬಲ್ಲ ಮಾತುಗಳು. ಆದರೆ ಸುಲಿದುಹೋದ ಕ್ರೋಮ್ ಲೇಪವನ್ನು ಪೂರ್ತಿಯಾಗಿ ತೆಗೆದುಹಾಕಲು ಅದೇ ಲೇಖನದಲ್ಲಿ ಎರಡು ದಾರಿಗಳನ್ನು ಸೂಚಿಸಲಾಗಿದೆ. ಬಿಡಿಭಾಗಗಳನ್ನು ಬಚ್ಚಲು ತೊಳೆಯುವ ಆಸಿಡ್ಡಿನಲ್ಲಿ ನೆನೆಸುವುದು ಒಂದು. ಕಾಸ್ಟಿಕ್ ಸೋಡಾ ಕರಗಿಸಿದ ನೀರಿನಲ್ಲಿ ಮುಳುಗಿಸಿ ಬ್ಯಾಟರಿ ಚಾರ್ಜರಿನ ತಂತಿ ಜೋಡಿಸುವುದು ಇನ್ನೊಂದು. ಎರಡರಿಂದಲೂ ಕ್ರೋಮ್ ಹೋಗುತ್ತದೆ ಎಂಬುದು ನಿಜ. ಹೋದ ಕ್ರೋಮ್ ಎಲ್ಲಿ ಸೇರುತ್ತದೆ, ಯಾವ ರೂಪದಲ್ಲಿ ಸೇರುತ್ತದೆ ಎಂಬ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲ. ಪಾಲಿಟೆಕ್ನಿಕ್ ಒಂದರಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದ, ಸೈಕಲ್ ತುಳಿಯುವುದನ್ನು ಇನ್ನೂ ಬಿಡದ ನನಗೆ ಈ ಕೊರತೆಯನ್ನು ತುಂಬಿಕೊಡುವುದು ಕರ್ತವ್ಯವೆನಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿರುವುದಕ್ಕೆ ಕ್ಷಮೆ ಇರಲಿ.

ಹ್ಯಾಂಡಲ್, ರಿಮ್ಮು, ಪೆಡಲ್ ಕ್ರ್ಯಾಂಕ್, ಬೆಲ್ಲು ಇವುಗಳ ಮೇಲೆ ಕಾಣುವ ಹೊಳಪನ್ನು ನಾವು ಒಟ್ಟಾಗಿ ಕ್ರೋಮ್ ಎನ್ನುತ್ತೇವಾದರೂ, ಅಲ್ಲಿ ಇರುವುದು ಬಹುಮಟ್ಟಿಗೆ ನಿಕಲ್. ಉಕ್ಕಿನ ಮೇಲೆ ಮೊದಲು ಹತ್ತರಿಂದ ಮೂವತ್ತು ಮೈಕ್ರಾನ್ ದಪ್ಪದ ನಿಕಲ್ ಕೂರಿಸುತ್ತಾರೆ. ಕೆಲವೊಮ್ಮೆ ಅದರ ಕೆಳಗೆ ತಾಮ್ರವೂ ಇರುತ್ತದೆ. ಎಲ್ಲಕ್ಕಿಂತ ಮೇಲಿನ ಕ್ರೋಮಿಯಂ ಪದರ ಸಾಮಾನ್ಯವಾಗಿ ಅರ್ಧ ಮೈಕ್ರಾನ್ ಸಹ ಮೀರುವುದಿಲ್ಲ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ತುಕ್ಕು ತಡೆಯುವ ಕೆಲಸ ನಿಕಲ್‌ನದು. ನಿಕಲ್ ಮಂಕಾಗದಂತೆ ಕಾಯುವ, ಗೀರು ಬೀಳದಂತೆ ನೋಡಿಕೊಳ್ಳುವ ಕೆಲಸ ಕ್ರೋಮಿಯಂನದು. ಕ್ರೋಮಿಯಂ ಪದರದಲ್ಲಿ ಬರಿಗಣ್ಣಿಗೆ ಕಾಣದ ಬಿರುಕುಗಳು ಇದ್ದೇ ಇರುತ್ತವೆ. ಕೆಳಗಿನ ನಿಕಲ್ ತೆಳುವಾಗಿದ್ದಲ್ಲಿ ಆ ಬಿರುಕುಗಳ ಮೂಲಕ ಇಳಿದ ತೇವ ಉಕ್ಕನ್ನು ಮುಟ್ಟುತ್ತದೆ. ಭೂತಗನ್ನಡಿ ಹಿಡಿದು ನೋಡಿದರೆ ಸಾಸಿವೆಗಿಂತ ಚಿಕ್ಕದಾದ ಕಂದು ಚುಕ್ಕೆ, ಅದರ ಸುತ್ತ ಸ್ವಲ್ಪ ಉಬ್ಬಿದ ಅಂಚು ಕಾಣುತ್ತದೆ. ಆ ಉಬ್ಬನ್ನು ಉಗುರಿನಿಂದ ಕೆರೆದಾಗ ಬೆಳ್ಳನೆಯ ಹಕ್ಕಳೆಯೊಂದು ಎದ್ದುಬರುತ್ತದೆ, ಅದರ ಅಂಚು ಬ್ಲೇಡಿನಷ್ಟೇ ಹರಿತ. ಮಂಗಳೂರು, ಕಾರವಾರದಂಥ ಕಡಲ ಊರುಗಳಲ್ಲಿ ಉಪ್ಪುಗಾಳಿಗೂ ನಮ್ಮ ಮಲೆನಾಡಿನಲ್ಲಿ ನಾಲ್ಕು ತಿಂಗಳ ಮಳೆಗೂ ಕಡಿಮೆ ಬೆಲೆಯ ರಿಮ್ಮುಗಳು ಬೇಗ ತುಕ್ಕು ಹಿಡಿಯುವುದು ಹೀಗೆ.

ಇಷ್ಟನ್ನು ಹೇಳಿದ್ದಕ್ಕೆ ಕಾರಣವಿದೆ. ಲೇಖನದಲ್ಲಿ ಸೂಚಿಸಿದ ಎರಡು ವಿಧಾನಗಳೂ ತೆಗೆಯುವುದು ಮೇಲಿನ ಆ ಅರ್ಧ ಮೈಕ್ರಾನ್ ಪದರವನ್ನು ಮಾತ್ರ. ಕೆಳಗಿನ ನಿಕಲ್ ಬಹುತೇಕ ಹಾಗೆಯೇ ಉಳಿಯುತ್ತದೆ. ಬಚ್ಚಲು ತೊಳೆಯುವ ದ್ರವದಲ್ಲಿರುವ ಹೈಡ್ರೋಕ್ಲೋರಿಕ್ ಆಸಿಡ್ ನಿಕಲ್ಲನ್ನು ಬಹಳ ನಿಧಾನವಾಗಿ ತಿನ್ನುತ್ತದೆ. ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ನಿಕಲ್ ಜಗ್ಗುವುದೇ ಇಲ್ಲ. ಆದ್ದರಿಂದ ಬೆತ್ತಲೆ ಉಕ್ಕು ಕಾಣಬೇಕೆಂದು ಹೊರಟವರಿಗೆ ಇಷ್ಟೆಲ್ಲ ಅಪಾಯದ ನಂತರ ದೊರೆಯುವುದು ಸ್ವಲ್ಪ ಹಳದಿ ಛಾಯೆಯ ನಿಕಲ್ ಮೈ. ನಿಕಲ್ ಕರಗಿಸುವ ದ್ರಾವಣಗಳು ಲೇಪನದ ಕಾರ್ಖಾನೆಗಳಲ್ಲಿವೆ, ಆದರೆ ಅವುಗಳಲ್ಲಿ ಕೆಲವು ಸಯನೈಡ್ ಆಧಾರಿತ, ಕೆಲವು ಗಾಢವಾದ ಸಲ್ಫ್ಯೂರಿಕ್ ಆಸಿಡ್ಡಿನವು. ಮನೆಯಲ್ಲಿ ಅವುಗಳ ಮಾತೇ ಬೇಡ.

ಆಸಿಡ್ ವಿಧಾನವನ್ನು ಮೊದಲು ನೋಡೋಣ. ಬಚ್ಚಲು ತೊಳೆಯುವ ದ್ರವಗಳಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಶೇಕಡ 10ರ ಆಸುಪಾಸಿನಲ್ಲಿರುತ್ತದೆ. ಬಿಡಿಯಾಗಿ ಮಾರುವ ಆಸಿಡ್ ಅದಕ್ಕಿಂತ ಎಷ್ಟೋ ಗಾಢ. ಕ್ರೋಮಿಯಂ ಮೇಲಿನ ಆಕ್ಸೈಡ್ ಪೊರೆ ಒಡೆಯುವವರೆಗೆ ಏನೂ ಆಗುತ್ತಿಲ್ಲವೆಂದು ತೋರುತ್ತದೆ, ಒಡೆದ ಮೇಲೆ ಒಮ್ಮೆಲೆ ನೊರೆಗುಳ್ಳೆಗಳೆದ್ದು ಹೈಡ್ರೋಜನ್ ಅನಿಲ ಬರುತ್ತದೆ, ದ್ರವ ಹಸಿರಾಗುತ್ತದೆ. ಏನೂ ಆಗಲಿಲ್ಲವೆಂದು ಬಗ್ಗಿ ನೋಡುವ ಹೊತ್ತಿಗೆ ಸರಿಯಾಗಿ ಆಸಿಡ್ ಮುಖಕ್ಕೆ ಸಿಡಿಯುವುದುಂಟು. ಅದರ ಹೊಗೆ ಮೂಗು, ಗಂಟಲು ಸುಡುವುದಲ್ಲದೆ, ಅದೇ ಕೋಣೆಯಲ್ಲಿರುವ ಪಾನಾ, ಸ್ಕ್ರೂಡ್ರೈವರ್, ಹೊಲಿಗೆ ಯಂತ್ರ, ಕೊನೆಗೆ ಬಾಗಿಲ ಚಿಲಕಕ್ಕೂ ತುಕ್ಕು ತರಿಸುತ್ತದೆ. ಇವೆಲ್ಲಕ್ಕಿಂತ ದೊಡ್ಡ ಅಪಾಯ ನಮ್ಮ ಬಚ್ಚಲುಮನೆಗಳಲ್ಲಿ ಆಸಿಡ್ ಬಾಟಲಿಯ ಪಕ್ಕದಲ್ಲೇ ಕೂತಿರುವ ಬ್ಲೀಚಿಂಗ್ ಪೌಡರ್. ಕಲೆ ಹೋಗಲೆಂದು ಎರಡನ್ನೂ ಒಂದೇ ನೆಲದ ಮೇಲೆ ಸುರಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಕಿಟಕಿಯಿಲ್ಲದ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಎರವಾಗಬಲ್ಲದು. ಇನ್ನೊಂದು ಮಾತನ್ನೂ ಇಲ್ಲಿ ನೆನಪಿಸಬೇಕು. ಸುಪ್ರೀಂ ಕೋರ್ಟ್ 2013ರಲ್ಲಿ ನೀಡಿದ ಆದೇಶದ ಪ್ರಕಾರ ಆಸಿಡ್ ಮಾರುವವರು ಕೊಳ್ಳುವವರ ವಿಳಾಸ, ಗುರುತಿನ ಚೀಟಿ, ಕೊಳ್ಳುವ ಕಾರಣ ಎಲ್ಲವನ್ನೂ ಪುಸ್ತಕದಲ್ಲಿ ದಾಖಲಿಸಬೇಕು, 18 ವರ್ಷ ತುಂಬದವರಿಗೆ ಮಾರುವಂತಿಲ್ಲ. ಅಂಥ ವಸ್ತುವನ್ನು ರಜಾ ದಿನದ ಹವ್ಯಾಸಕ್ಕೆ ಸಲೀಸಾಗಿ ಸೂಚಿಸುವುದು ಸರಿಯೆನಿಸದು.

ಆದರೂ ಎರಡರಲ್ಲಿ ಆಸಿಡ್ಡೇ ಕಡಿಮೆ ಕೆಟ್ಟದ್ದು ಎಂದು ಹೇಳಿದರೆ ಓದುಗರಿಗೆ ಆಶ್ಚರ್ಯವಾಗಬಹುದು. ಆಸಿಡ್ಡಿನಲ್ಲಿ ಕರಗಿ ಬರುವ ಹಸಿರು ಬಣ್ಣದ್ದು ಟ್ರೈವೇಲೆಂಟ್ ಕ್ರೋಮಿಯಂ, ಅಂದರೆ ಮೂರು ಎಲೆಕ್ಟ್ರಾನ್ ಕಳೆದುಕೊಂಡ ರೂಪ. ಅದು ಒಳ್ಳೆಯದಲ್ಲ, ಆದರೆ ವಿಷದ ತೀವ್ರತೆ ಕಡಿಮೆ. ಚಾರ್ಜರ್ ವಿಧಾನದಲ್ಲಿ ಹುಟ್ಟುವುದು ಬೇರೆಯೇ ವಸ್ತು. ಕಾಸ್ಟಿಕ್ ಸೋಡಾ ನೀರಿನಲ್ಲಿ ಹ್ಯಾಂಡಲ್ಲನ್ನು ಮುಳುಗಿಸಿ, ಚಾರ್ಜರಿನ ಧನ ತಂತಿಯನ್ನು ಅದಕ್ಕೆ ಜೋಡಿಸಿದಾಗ ಕ್ರೋಮಿಯಂ ಲೋಹ ಕ್ರೋಮೇಟ್ ಎಂಬ, ನೀರಿನಲ್ಲಿ ಕರಗುವ ಲವಣವಾಗಿ ನೀರಿಗಿಳಿಯುತ್ತದೆ. ಹ್ಯಾಂಡಲ್ಲಿನ ಮೈಯಿಂದ ನಿಂಬೆ ಬಣ್ಣದ ಎಳೆಗಳು ಕೆಳಗಿಳಿದು, ಸ್ವಲ್ಪ ಹೊತ್ತಿನಲ್ಲಿ ಬಕೆಟ್ಟಿನ ನೀರೆಲ್ಲ ಹಳದಿಯಾಗುತ್ತದೆ. ಆ ಹಳದಿಯೇ ಹೆಕ್ಸಾವೇಲೆಂಟ್ ಕ್ರೋಮಿಯಂ, ಅಂದರೆ ಆರು ಎಲೆಕ್ಟ್ರಾನ್ ಕಳೆದುಕೊಂಡ ರೂಪ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಮೊದಲ ಗುಂಪಿನಲ್ಲಿ ಸೇರಿಸಿದೆ. ಕ್ರೋಮ್ ಲೇಪನದ ತೊಟ್ಟಿಗಳ ಬಳಿ ವರ್ಷಗಟ್ಟಲೆ ದುಡಿದ ಕಾರ್ಮಿಕರ ಕೈಗಳಲ್ಲಿ ನೋವಿಲ್ಲದೆ ಆಳಕ್ಕಿಳಿಯುವ ಹುಣ್ಣುಗಳಾಗುತ್ತಿದ್ದುದು, ಮೂಗಿನ ಹೊಳ್ಳೆಗಳ ನಡುವಿನ ಗೋಡೆಗೆ ತೂತು ಬೀಳುತ್ತಿದ್ದುದು ವೈದ್ಯಕೀಯ ಪಠ್ಯಗಳಲ್ಲಿ ಬಹು ಹಿಂದಿನಿಂದ ದಾಖಲಾಗಿರುವ ಸಂಗತಿ. ಬಕೆಟ್ಟಿನಲ್ಲಿ ಎರಡೂ ತುದಿಗಳಿಂದ ಅನಿಲದ ಗುಳ್ಳೆಗಳು ಏಳುತ್ತವೆ, ಒಂದರಿಂದ ಆಮ್ಲಜನಕ, ಇನ್ನೊಂದರಿಂದ ಹೈಡ್ರೋಜನ್. ಪ್ರತಿ ಗುಳ್ಳೆಯೂ ಒಡೆಯುವಾಗ ದ್ರಾವಣದ ಸೂಕ್ಷ್ಮ ಹನಿಗಳನ್ನು ಗಾಳಿಗೆ ಎರಚುತ್ತದೆ. ಬಗ್ಗಿ ನೋಡುವವರ ಉಸಿರಿನೊಳಕ್ಕೆ ಹೋಗುವುದು ಕಾಸ್ಟಿಕ್ ಮತ್ತು ಕ್ರೋಮೇಟ್ ಎರಡೂ ಬೆರೆತ ಮಂಜು.

ಇಲ್ಲಿ ಒಂದು ಗೊಂದಲವನ್ನೂ ಬಿಡಿಸಬೇಕಾಗಿದೆ. ತುಕ್ಕು ತೆಗೆಯಲು ವಾಷಿಂಗ್ ಸೋಡಾ ನೀರು ಮತ್ತು ಚಾರ್ಜರ್ ಬಳಸುವ ಕ್ರಮವೊಂದು ಹವ್ಯಾಸಿಗಳಲ್ಲಿ ಬಳಕೆಯಲ್ಲಿದೆ. ಅದರಲ್ಲಿ ತುಕ್ಕು ಹಿಡಿದ ಭಾಗಕ್ಕೆ ಋಣ ತಂತಿ, ಪಕ್ಕದಲ್ಲಿ ತೂಗುಬಿಟ್ಟ ಗುಜರಿ ಕಬ್ಬಿಣದ ತುಂಡಿಗೆ ಧನ ತಂತಿ. ಮಾಮೂಲಿ ಕಬ್ಬಿಣವಾದರೆ ಅದರಿಂದ ಹೆಚ್ಚಿನ ತೊಂದರೆಯಿಲ್ಲ. ಆದರೆ ಕಬ್ಬಿಣದ ತುಂಡು ಬೇಗ ಕರಗುತ್ತದೆಂದು ಅದರ ಬದಲು ಹಳೆಯ ಸ್ಟೀಲ್ ಚಮಚ, ತಟ್ಟೆ ಇಳಿಬಿಡುವವರಿದ್ದಾರೆ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕ್ರೋಮಿಯಂ ಇರುವುದರಿಂದ ಅದೂ ಅದೇ ಹಳದಿ ವಿಷವನ್ನೇ ಬಿಡುತ್ತದೆ. ಸೋಡಾ ಸಿಗಲಿಲ್ಲವೆಂದು ಅಡುಗೆ ಉಪ್ಪು ಹಾಕಿದವರಿಗೆ ಕ್ಲೋರಿನ್ ವಾಸನೆ ಬರುತ್ತದೆ. ತುಕ್ಕು ತೆಗೆಯುವ ಕ್ರಮ ಗೊತ್ತಿದ್ದವರು ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ಕ್ರೋಮ್ ತೆಗೆದಂತಾಯಿತು ಎಂದು ಲೇಖನದಲ್ಲಿ ಹಗುರವಾಗಿ ಹೇಳಿರುವುದು ಅದಕ್ಕಾಗಿಯೇ ನನ್ನನ್ನು ಹೆಚ್ಚು ಕಂಗೆಡಿಸಿತು.

ಒಂದು ಹ್ಯಾಂಡಲ್ಲಿನಿಂದ ಬರುವ ಕ್ರೋಮಿಯಂ ಎಷ್ಟಿದ್ದೀತು ಎಂದು ಕೇಳುವವರಿಗಾಗಿ ಲೆಕ್ಕ ಹಾಕಿದ್ದೇನೆ. 22 ಮಿಲಿಮೀಟರ್ ವ್ಯಾಸದ, 70 ಸೆಂಟಿಮೀಟರ್ ಉದ್ದದ ಕೊಳವೆಯ ಮೈಮೇಲೆ ಅರ್ಧ ಮೈಕ್ರಾನ್ ದಪ್ಪದ ಕ್ರೋಮಿಯಂ ಇದ್ದರೆ ಅದರ ತೂಕ ಸುಮಾರು 170 ಮಿಲಿಗ್ರಾಂ. ಚಿಟಿಕೆಯೂ ಅಲ್ಲ. ಆದರೆ ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿಗೆ ನಿಗದಿ ಮಾಡಿರುವ ಮಿತಿ ಲೀಟರಿಗೆ 0.05 ಮಿಲಿಗ್ರಾಂ ಕ್ರೋಮಿಯಂ. ಆ ಲೆಕ್ಕದಲ್ಲಿ ಒಂದೇ ಹ್ಯಾಂಡಲ್ಲಿನ ಕ್ರೋಮಿಯಂ ಮೂರು ಸಾವಿರ ಲೀಟರಿಗೂ ಹೆಚ್ಚು ನೀರನ್ನು ಮಿತಿಯ ಅಂಚಿಗೆ ತಂದು ನಿಲ್ಲಿಸಬಲ್ಲದು. ಎರಡೂ ರಿಮ್ಮುಗಳನ್ನು ಸೇರಿಸಿದರೆ ಇದು ಸುಮಾರು ಹತ್ತು ಪಟ್ಟಾಗುತ್ತದೆ. ಬಕೆಟ್ಟನ್ನು ಸುರಿಯುವುದು ಎಲ್ಲಿಗೆ? ಊರುಗಳಲ್ಲಿ ಒಳಚರಂಡಿಗಾದರೂ ಹೋದೀತು. ನಮ್ಮ ಕಡೆ ಬಚ್ಚಲ ನೀರು ನೇರವಾಗಿ ಹರಿಯುವುದು ತೆಂಗಿನ ಬುಡಕ್ಕೆ, ಅಡಕೆ ತೋಟಕ್ಕೆ, ಇಲ್ಲವೇ ಇಂಗುಗುಂಡಿಗೆ. ತೆರೆದ ಬಾವಿ ಅಲ್ಲಿಂದ ಕೆಲವೇ ಮಾರು ದೂರ. ಟ್ರೈವೇಲೆಂಟ್ ಕ್ರೋಮಿಯಂ ಮಣ್ಣಿಗೆ ಅಂಟಿಕೊಂಡು ಬಹುಮಟ್ಟಿಗೆ ಅಲ್ಲೇ ನಿಲ್ಲುತ್ತದೆ. ಕ್ರೋಮೇಟ್ ಮಾತ್ರ ನೀರಿನ ಜೊತೆಯಲ್ಲೇ ಸಾಗುತ್ತದೆ.

ಹಾಗೆ ಸಾಗಿದ ಉದಾಹರಣೆ ನೆರೆಯಲ್ಲೇ ಇದೆ. ತಮಿಳುನಾಡಿನ ರಾಣಿಪೇಟೆಯಲ್ಲಿ ಕ್ರೋಮೇಟ್ ತಯಾರಿಸುತ್ತಿದ್ದ ಕಾರ್ಖಾನೆಯೊಂದು 1990ರ ದಶಕದಲ್ಲಿ ಮುಚ್ಚಿದಾಗ ಒಂದೂವರೆ ಲಕ್ಷ ಟನ್ನಿಗೂ ಮೀರಿದ ಕ್ರೋಮಿಯಂ ತ್ಯಾಜ್ಯವನ್ನು ಬಯಲಿನಲ್ಲಿ ರಾಶಿ ಹಾಕಿ ಬಿಟ್ಟುಹೋಯಿತು. ದಶಕಗಳ ನಂತರವೂ ಸುತ್ತಲಿನ ಅಂತರ್ಜಲ ಕುಡಿಯಲು ಬಾರದಂತಾಗಿತ್ತು. ಆ ಊರಿನ ಪಕ್ಕದಲ್ಲಿ ಹರಿಯುವ ಪಾಲಾರ್ ನದಿ ಹುಟ್ಟುವುದು ನಮ್ಮ ನಂದಿ ಬೆಟ್ಟದ ಸೀಮೆಯಲ್ಲಿ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಕೊಳವೆಬಾವಿಗಳಲ್ಲಿಯೂ ಹೆಕ್ಸಾವೇಲೆಂಟ್ ಕ್ರೋಮಿಯಂ ಕಂಡುಬಂದಿರುವುದು ಪತ್ರಿಕೆ ಓದುವವರಿಗೆ ಹೊಸ ವಿಷಯವಲ್ಲ. ಕಾರ್ಖಾನೆಯ ಪ್ರಮಾಣಕ್ಕೂ ಒಂದು ಬಕೆಟ್ಟಿಗೂ ಅಜಗಜಾಂತರವಿದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಕಾರ್ಖಾನೆಯ ಮೇಲೆ ಕಣ್ಣಿಡಲು ಮಾಲಿನ್ಯ ನಿಯಂತ್ರಣ ಮಂಡಳಿಯೊಂದಿದೆ, ನಮ್ಮ ಹಿತ್ತಲ ಬಕೆಟ್ಟಿನ ಮೇಲೆ ಕಣ್ಣಿಡಬೇಕಾದವರು ನಾವೇ.

ಇನ್ನು ಸೈಕಲ್ಲಿಗೇ ಆಗುವ ಹಾನಿಯ ಮಾತು. ಹ್ಯಾಂಡಲ್ಲಿನ ಹೊರಮೈಗೆ ಲೇಪವಿರುತ್ತದೆಯೇ ಹೊರತು ಕೊಳವೆಯ ಒಳಮೈಗೆ ಇರುವುದಿಲ್ಲ. ಆಸಿಡ್ ಒಳಗೆ ತುಂಬಿಕೊಂಡು, ಹೊರಗಿನ ಕ್ರೋಮ್ ಕರಗುವಷ್ಟು ಹೊತ್ತೂ ಒಳಗಿನ ಬರಿಯ ಉಕ್ಕನ್ನು ತಿನ್ನುತ್ತಿರುತ್ತದೆ. ಫೋರ್ಕಿನ ಮೇಲ್ತುದಿಯಲ್ಲಿ, ಹ್ಯಾಂಡಲ್ಲಿಗೆ ಕೊರಳು ಬೆಸೆದಿರುವಲ್ಲಿ, ಬ್ರೇಕ್ ಕಡ್ಡಿಯ ಕೊಂಡಿಗಳು ಕೂತಿರುವಲ್ಲಿ ಇರುವ ಸಣ್ಣ ಸಂದುಗಳಿಗೆ ಇಳಿದ ಆಸಿಡ್ಡನ್ನು ಎಷ್ಟು ತೊಳೆದರೂ ಪೂರ್ತಿ ಹೊರಗೆ ತರಲಾಗದು. ಬಣ್ಣ ಹಚ್ಚಿ ಮೆರುಗು ಕೊಟ್ಟ ಎಷ್ಟೋ ದಿನಗಳ ಮೇಲೆ ಅದೇ ಸಂದಿನಿಂದ ಕಂದು ನೀರು ಜಿನುಗುತ್ತದೆ. ಸೀಟಿನ ಸ್ಪ್ರಿಂಗು, ಕಡ್ಡಿಗಳು, ಗಾಲಿಯ ಅಚ್ಚು ಮೊದಲಾದ ಗಡುಸು ಉಕ್ಕಿನ ಭಾಗಗಳ ವಿಷಯ ಇನ್ನೂ ಸೂಕ್ಷ್ಮ. ಆಸಿಡ್ಡಿನಲ್ಲಿ ಹುಟ್ಟುವ ಹೈಡ್ರೋಜನ್ನಿನ ಒಂದಂಶ ಅನಿಲವಾಗಿ ಹೋಗದೆ ಉಕ್ಕಿನೊಳಕ್ಕೆ ಸೇರಿಕೊಂಡು ಅದನ್ನು ಪೆಡಸುಗೊಳಿಸುತ್ತದೆ. ಹೊರನೋಟಕ್ಕೆ ಏನೂ ಕಾಣದ ಸ್ಪ್ರಿಂಗು ಭಾರ ಬಿದ್ದ ಮೇಲೆ, ಕೆಲವೊಮ್ಮೆ ದಿನಗಳ ನಂತರ, ಸದ್ದಿಲ್ಲದೆ ತುಂಡಾಗುತ್ತದೆ. ಕಾರ್ಖಾನೆಗಳಲ್ಲಿ ಇಂಥ ಭಾಗಗಳನ್ನು ಸುಮಾರು 200 ಡಿಗ್ರಿ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು ಹೈಡ್ರೋಜನ್ ಹೊರಹಾಕುತ್ತಾರೆ; ಮನೆಯಲ್ಲಿ ಆ ಏರ್ಪಾಡು ಇರುವುದಿಲ್ಲ. ಅಲ್ಯೂಮಿನಿಯಂ ಭಾಗಗಳನ್ನು ಕಾಸ್ಟಿಕ್ ಸೋಡಾಕ್ಕೆ ಹಾಕಿದರಂತೂ ಲೇಪಕ್ಕಿಂತ ಮೊದಲು ಭಾಗವೇ ಕರಗಿ ಹೋದೀತು.

ಇಷ್ಟಕ್ಕೂ ಕ್ರೋಮ್ ತೆಗೆಯಲೇಬೇಕೇ ಎಂಬ ಪ್ರಶ್ನೆಯನ್ನು ಲೇಖನ ಕೇಳಿಕೊಂಡಂತಿಲ್ಲ. ನನ್ನ ಅನುಭವದಲ್ಲಿ, ಹಾಳಾಗಿದೆಯೆಂದು ತೋರುವ ಕ್ರೋಮಿನ ಬಹುಪಾಲು ಹಾಳಾಗಿರುವುದಿಲ್ಲ. ಚುಕ್ಕೆ ಚುಕ್ಕೆಯಾಗಿ ಹೊರಬಂದ ತುಕ್ಕು ಸುತ್ತಲಿನ ಒಳ್ಳೆಯ ಲೇಪದ ಮೇಲೆ ಹರಡಿಕೊಂಡಿರುತ್ತದೆ, ಅಷ್ಟೆ. ಊಟ ಕಟ್ಟಿಕೊಡುವ ಅಲ್ಯೂಮಿನಿಯಂ ಹಾಳೆಯ ತುಂಡೊಂದನ್ನು ಮುದ್ದೆ ಮಾಡಿ, ನೀರಿನಲ್ಲಿ ಅದ್ದಿ, ಹೆಚ್ಚು ಬಲ ಹಾಕದೆ ಉಜ್ಜಬೇಕು. ಅಲ್ಯೂಮಿನಿಯಂ ಕ್ರೋಮಿಯಂಗಿಂತ ಬಹಳ ಮೆದು, ಹಾಗಾಗಿ ಗೀರು ಬೀಳುವುದಿಲ್ಲ. ಸ್ವಲ್ಪ ಹೊತ್ತಿಗೆ ಬೂದುಗಪ್ಪಿನ ಲೋಳೆಯಂಥದು ಕೂಡಿಕೊಳ್ಳುತ್ತದೆ. ಅದನ್ನು ಬಟ್ಟೆಯಿಂದ ಒರೆಸಿದರೆ ಕೆಳಗೆ ನೀಲಿ ಛಾಯೆಯ ಬಿಳಿ ಹೊಳಪು, ಅದರ ನಡುವೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳು ಉಳಿದಿರುವುದು ಕಾಣುತ್ತದೆ. ಗಟ್ಟಿ ತುಕ್ಕಿಗೆ ನಿಂಬೆ ಉಪ್ಪನ್ನು, ಅಂದರೆ ಸಿಟ್ರಿಕ್ ಆಸಿಡ್ಡನ್ನು, ಬಿಸಿನೀರಿನಲ್ಲಿ ಕರಗಿಸಿ ಬಟ್ಟೆ ಅದ್ದಿ ಸುತ್ತಿಟ್ಟರೆ ಸಾಕು. ಹಿತ್ತಾಳೆ ಬೆಳಗುವ ಹುಣಸೆಹುಳಿಯೂ ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ. ಆಮೇಲೆ ಚೆನ್ನಾಗಿ ತೊಳೆದು, ಬಿಸಿಲಿನಲ್ಲಿ ಒಣಗಿಸಿ, ಮೇಣವನ್ನೋ ಯಂತ್ರದ ಎಣ್ಣೆಯನ್ನೋ ತೆಳುವಾಗಿ ಸವರಬೇಕು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಧ್ಯೆ ಬಿಸಿಲು ಬಂದಾಗ ಒಮ್ಮೆ ಇದನ್ನು ಮಾಡಿದರೆ ಉಳಿದ ಲೇಪ ಬಹಳ ಕಾಲ ಬಾಳುತ್ತದೆ.

ನಿಜಕ್ಕೂ ಹಳೆಯದಾದ ಸೈಕಲ್ಲಿನ ವಿಷಯದಲ್ಲಿ ಇನ್ನಷ್ಟು ತಾಳ್ಮೆ ಬೇಕು. ಕ್ರೋಮ್ ಲೇಪನ ವ್ಯಾಪಾರಕ್ಕೆ ಬಂದದ್ದೇ 1920ರ ದಶಕದ ಕೊನೆಯಲ್ಲಿ. ಅದಕ್ಕಿಂತ ಮುಂಚಿನ ಸೈಕಲ್ಲುಗಳ ಹೊಳಪು ಬರಿಯ ನಿಕಲ್ಲಿನದು. ಮಂಕಾದ ಹಳದಿ ಛಾಯೆಯನ್ನು ಕಂಡು ಕ್ರೋಮ್ ಕೆಟ್ಟಿದೆಯೆಂದು ಆಸಿಡ್ಡಿಗಿಳಿಸಿದರೆ, ಇಲ್ಲದ ಕ್ರೋಮನ್ನು ತೆಗೆಯಲು ಹೋಗಿ ಇದ್ದ ನಿಕಲ್ಲಿಗೆ ಗಾಯ ಮಾಡಿದಂತಾಗುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿ ನಿಕಲ್, ಕ್ರೋಮಿಯಂ ಸಿಗದೆ ಹ್ಯಾಂಡಲ್, ರಿಮ್ಮುಗಳಿಗೂ ಕಪ್ಪು ಬಣ್ಣವನ್ನೇ ಬಳಿದ ಸೈಕಲ್ಲುಗಳು ಬಂದವು. ಅವುಗಳಿಗೆ ಈಗ ಕ್ರೋಮ್ ಮಾಡಿಸಿದರೆ ಇತಿಹಾಸವನ್ನೇ ಅಳಿಸಿದಂತೆ. ರ್‍ಯಾಲೀ ಸೈಕಲ್ಲಿನ ಮುಂದಿನ ಹಲ್ಲುಚಕ್ರದಲ್ಲಿ ಕೊರೆದಿರುವ ಕೊಕ್ಕರೆಯ ತಲೆಗಳನ್ನು ಅನೇಕರು ನೋಡಿರಬಹುದು. ಸ್ಟರ್ಮಿ ಆರ್ಚರ್ ಮೂರು ಗೇರಿನ ಹಬ್ಬಿನ ಮೈಮೇಲೆ ಅದು ತಯಾರಾದ ವರ್ಷ ಮತ್ತು ತಿಂಗಳಿನ ಅಂಕಿಗಳು ಅಚ್ಚಾಗಿರುತ್ತವೆ. ಸೈಕಲ್ಲಿನ ವಯಸ್ಸು ತಿಳಿಯಲು ಇದಕ್ಕಿಂತ ಸುಲಭದ ಸಾಕ್ಷಿ ಬೇರೆ ಇಲ್ಲ. ಸಿಕ್ಕಿದ್ದನ್ನೆಲ್ಲ ಉಜ್ಜಿ ನುಣುಪು ಮಾಡುವ ಉತ್ಸಾಹದಲ್ಲಿ ಮೊದಲು ಸವೆಯುವುದು ಈ ಅಂಕಿಗಳೇ. ಸಂಗ್ರಾಹಕರು ಹೊಸ ಹೊಳಪಿಗಿಂತ ಹಳೆಯ ಲೇಪಕ್ಕೇ ಹೆಚ್ಚು ಬೆಲೆ ಕೊಡುವುದು ಸುಮ್ಮನಲ್ಲ.

ಇಷ್ಟಾದರೂ ಲೇಪ ಹಕ್ಕಳೆಯಾಗಿ ಎದ್ದು, ಹಿಡಿದ ಕೈಗೆ ಗೀರುವಂತಾಗಿದ್ದರೆ ಏನಾದರೂ ಮಾಡಲೇಬೇಕು. ಬಣ್ಣ ಹಚ್ಚುವುದು ಉದ್ದೇಶವಾಗಿದ್ದರೆ ಕ್ರೋಮ್ ಪೂರ್ತಿ ಹೋಗಬೇಕಾದ ಅಗತ್ಯವೇ ಇಲ್ಲ. ಬಣ್ಣ ಹಿಡಿಯದಿರುವುದು ಅದರ ನುಣುಪಿನಿಂದ. ಆ ನುಣುಪನ್ನು ಮುರಿದರೆ ಸಾಕು. ಬಣ್ಣದ ಅಂಗಡಿಗಳಲ್ಲಿ ಸಿಗುವ 180ರ ವಾಟರ್ ಪೇಪರನ್ನು, ಅಂದರೆ ನೀರು ಹಾಕಿ ಉಜ್ಜುವ ಮರಳು ಕಾಗದವನ್ನು, ಸಾಬೂನು ನೀರಿನಲ್ಲಿ ನೆನೆಸಿ, ಎದ್ದ ಹಕ್ಕಳೆಗಳ ಅಂಚು ಬೆರಳಿಗೆ ಸಿಗದಂತಾಗುವವರೆಗೆ ಉಜ್ಜಿ, ಆಮೇಲೆ 320ರದ್ದರಲ್ಲಿ ಇಡೀ ಭಾಗವನ್ನು ಮಂಕಾಗಿಸಿ, ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪ್ರೈಮರ್ ಹಚ್ಚಿ, ಅದರ ಮೇಲೆ ಬಣ್ಣ ಕೊಟ್ಟರೆ ಚೆನ್ನಾಗಿ ನಿಲ್ಲುತ್ತದೆ. ಕ್ರೋಮಿಯಂ ಗಾಜಿಗಿಂತ ಗಟ್ಟಿಯಾದ್ದರಿಂದ ಕೈ ಸೋಲುತ್ತದೆ ಎಂಬುದು ನಿಜ. ನೀರು ಹಾಕಿಯೇ ಉಜ್ಜಬೇಕು, ರಬ್ಬರ್ ಕೈಗವಸು ಇರಲೇಬೇಕು, ಯಾಕೆಂದರೆ ನಿಕಲ್ ಪುಡಿ ಹಲವರ ಚರ್ಮಕ್ಕೆ ಆಗಿಬರುವುದಿಲ್ಲ. ಕೆಸರಾದ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯ ಮೇಲೆ ಉಳಿದದ್ದನ್ನು ಕಟ್ಟಿಡಬೇಕು. ಬೇಗ ಮುಗಿಯಲೆಂದು ಒಣಗಿದ ಭಾಗಕ್ಕೆ ಗ್ರೈಂಡರ್ ಹಿಡಿಯುವುದು, ಮುರಿದ ಕ್ಯಾರಿಯರ್ ಸರಿಪಡಿಸಲು ಕ್ರೋಮ್ ಇರುವಂತೆಯೇ ವೆಲ್ಡಿಂಗ್ ಮಾಡಿಸುವುದು ಬೇಡ. ವೆಲ್ಡಿಂಗಿನ ಶಾಖಕ್ಕೆ ಏಳುವ ಹೊಗೆಯಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಇರುತ್ತದೆ, ಅದನ್ನು ಉಸಿರಾಡುವವರು ಸೈಕಲ್ಲಿನ ಯಜಮಾನರಲ್ಲ, ವೆಲ್ಡಿಂಗ್ ಅಂಗಡಿಯ ಹುಡುಗ. ತಂತಿಯ ಬದಲು ಕಡ್ಡಿಗಳಿಂದ ಬ್ರೇಕ್ ಎಳೆಯುವ ರಾಡ್ ಬ್ರೇಕಿನ ಸೈಕಲ್ಲಿನಲ್ಲಿ ಬ್ರೇಕ್ ರಬ್ಬರು ಒತ್ತುವುದು ರಿಮ್ಮಿನ ಒಳಮಗ್ಗುಲಿಗಾದ್ದರಿಂದ ಅಲ್ಲಿ ಬಣ್ಣ ನಿಲ್ಲದೆಂಬುದನ್ನೂ ನೆನಪಿಡಬೇಕು.

ಮತ್ತೆ ಕ್ರೋಮನ್ನೇ ಮಾಡಿಸಬೇಕೆನ್ನುವವರು ಹಳೆಯ ಲೇಪವನ್ನು ಮನೆಯಲ್ಲಿ ತೆಗೆದುಕೊಂಡು ಹೋದರೆ ಖರ್ಚು ಉಳಿಯುತ್ತದೆಂದು ಭಾವಿಸುವುದುಂಟು. ಲೇಪನದ ಘಟಕದವರು ಹೇಗಿದ್ದರೂ ತಮ್ಮ ತೊಟ್ಟಿಯಲ್ಲಿ ಹಳೆಯ ನಿಕಲ್ ತೆಗೆದು, ಪಾಲಿಶ್ ಮಾಡಿ, ಮೊದಲಿನಿಂದಲೇ ಶುರು ಮಾಡಬೇಕಾಗುತ್ತದೆ. ನಿಮ್ಮ ಆಸಿಡ್ ತಿಂದ ಗುಳಿಗಳನ್ನು ಉಜ್ಜಿ ತುಂಬಿಸುವ ಕೂಲಿ ಅದಕ್ಕೆ ಸೇರಿಕೊಳ್ಳುತ್ತದೆ. ಲೇಪನದ ತೊಟ್ಟಿಯ ನೀರನ್ನು ಸಂಸ್ಕರಿಸುವ ಹೊಣೆ ಕಾನೂನಿನ ಪ್ರಕಾರ ಅವರ ಮೇಲಿದೆ, ಅಪಾಯಕಾರಿ ತ್ಯಾಜ್ಯಗಳ 2016ರ ನಿಯಮಗಳು ಲೇಪನದ ಗಸಿಯನ್ನು ಹೆಸರಿಸಿಯೇ ಪಟ್ಟಿ ಮಾಡಿವೆ. ಎಲ್ಲ ಘಟಕಗಳೂ ಅದನ್ನು ಶ್ರದ್ಧೆಯಿಂದ ಪಾಲಿಸುತ್ತವೆ ಎಂದು ನಾನು ಹೇಳಲಾರೆ, ಕೇಳಿ ತಿಳಿದುಕೊಂಡು ಕೊಡುವುದು ಒಳ್ಳೆಯದು. ಸಾಧಾರಣ ಸೈಕಲ್ಲಿನ ವಿಷಯದಲ್ಲಿ ಇದು ಮೂಗಿಗಿಂತ ಮೂಗುತಿ ಭಾರವಾಗುವ ಕೆಲಸ; ಹೊಸ ರಿಮ್ಮೇ ಅಗ್ಗ.

ಲೇಖನ ಓದಿ ಈಗಾಗಲೇ ಪ್ರಯೋಗ ಮಾಡಿಬಿಟ್ಟವರು ಇರಬಹುದು. ಅವರಿಗಾಗಿ ನಾಲ್ಕು ಮಾತು. ಆಸಿಡ್ಡಿನ ಹಸಿರು ದ್ರವ ಉಳಿದಿದ್ದರೆ ಬಯಲಿನಲ್ಲಿ ಪ್ಲಾಸ್ಟಿಕ್ ಬಕೆಟ್ಟಿನೊಳಗಿಟ್ಟು, ವಾಷಿಂಗ್ ಸೋಡಾವನ್ನು ಚಮಚ ಚಮಚವಾಗಿ ಹಾಕುತ್ತ ಹೋಗಿ. ನೊರೆ ಉಕ್ಕುವುದು ನಿಂತ ಮೇಲೂ ಇನ್ನೊಂದಿಷ್ಟು ಹಾಕಿ. ಒಂದು ರಾತ್ರಿ ಬಿಟ್ಟರೆ ಹಸಿರು ಗಸಿ ತಳದಲ್ಲಿ ಕೂರುತ್ತದೆ, ಅದರಲ್ಲಿ ಕ್ರೋಮಿಯಂ ಜೊತೆಗೆ ಕಬ್ಬಿಣ, ನಿಕಲ್ ಕೂಡ ಇರುತ್ತವೆ. ಹಳೆಯ ಹತ್ತಿ ಬಟ್ಟೆಯಲ್ಲಿ ಸೋಸಿ, ಗಸಿಯನ್ನು ಒಣಗಿಸಿ, ಡಬ್ಬಿಗೆ ಹಾಕಿ ಮೇಲೆ ಹೆಸರು ಬರೆದಿಡಿ. ತಿಳಿನೀರನ್ನೂ ಬಾವಿಯ ಕಡೆಗೆ, ಗಿಡದ ಬುಡಕ್ಕೆ ಹಾಕದೆ ಒಳಚರಂಡಿಗೆ ಬಿಡಿ. ವಾಸನೆ ಹೋಗಲೆಂದು ಈ ಗಸಿಗೆ ಬ್ಲೀಚಿಂಗ್ ಪೌಡರ್ ಮಾತ್ರ ಬೆರೆಸಬೇಡಿ. ಸೋಡಾ ಇರುವ ನೀರಿನಲ್ಲಿ ಅದು ಹಸಿರು ಕ್ರೋಮಿಯಂ ಅನ್ನು ಮತ್ತೆ ಹಳದಿಯಾಗಿ, ಅಂದರೆ ಹೆಕ್ಸಾವೇಲೆಂಟ್ ಆಗಿ ತಿರುಗಿಸುತ್ತದೆ. ಚಾರ್ಜರ್ ವಿಧಾನದ ಹಳದಿ ದ್ರವಕ್ಕೆ ಕಾರ್ಖಾನೆಗಳಲ್ಲಿ ಅನ್ನಭೇದಿಯನ್ನೋ (ಫೆರಸ್ ಸಲ್ಫೇಟ್) ಸೋಡಿಯಂ ಬೈಸಲ್ಫೈಟನ್ನೋ ಬೆರೆಸಿ ಹಸಿರಿಗೆ ತಿರುಗಿಸಿ, ಸುಣ್ಣ ಹಾಕಿ ಗಸಿ ಇಳಿಸುತ್ತಾರೆ. ಪರೀಕ್ಷೆಯ ಸಲಕರಣೆಯಿಲ್ಲದೆ ಮನೆಯಲ್ಲಿ ಅದನ್ನು ಮಾಡುವುದು ಸಲ್ಲದು. ಒಳಗಿನ ಭಾಗಗಳನ್ನು ಹೊರತೆಗೆದು, ದ್ರವವನ್ನು ಗಟ್ಟಿ ಪ್ಲಾಸ್ಟಿಕ್ ಕ್ಯಾನಿಗೆ ಹಾಕಿ, ಮಕ್ಕಳ ಕೈಗೆ ಸಿಗದಂತೆ ಇಟ್ಟುಕೊಳ್ಳುವುದೇ ಸದ್ಯಕ್ಕೆ ಉಳಿದಿರುವ ದಾರಿ.

ಸದ್ಯಕ್ಕೆ ಎಂದು ಏಕೆ ಹೇಳಿದೆನೆಂದರೆ, ಆ ಕ್ಯಾನನ್ನು ಯಾರಿಗೆ ಕೊಡಬೇಕೆಂಬ ಪ್ರಶ್ನೆಗೆ ನಮ್ಮ ಊರುಗಳಲ್ಲಿ ಉತ್ತರವಿಲ್ಲ. 2016ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ, ಮನೆಗಳಲ್ಲಿ ಹುಟ್ಟುವ ಅಪಾಯಕಾರಿ ತ್ಯಾಜ್ಯವನ್ನು ಪಡೆದುಕೊಳ್ಳಲು ಸ್ಥಳೀಯ ಸಂಸ್ಥೆಗಳು 20 ಚದರ ಕಿಲೋಮೀಟರಿಗೆ ಒಂದರಂತೆ ಕೇಂದ್ರ ತೆರೆಯಬೇಕೆಂದು ಹೇಳಲಾಗಿತ್ತು. ಬಣ್ಣದ ಡಬ್ಬಿ, ಕೀಟನಾಶಕದ ಬಾಟಲಿ, ಟ್ಯೂಬ್‌ಲೈಟು, ಅವಧಿ ಮುಗಿದ ಔಷಧಿ, ಪಾದರಸದ ಥರ್ಮಾಮೀಟರು ಎಲ್ಲವೂ ಆ ಪಟ್ಟಿಯಲ್ಲಿದ್ದವು. ನಮ್ಮ ಬಡಾವಣೆಗೆ ಬರುವ ಕಸದ ಗಾಡಿಯಲ್ಲಿ ಹಸಿ ಕಸ, ಒಣ ಕಸದ ಎರಡು ಭಾಗಗಳಿವೆ, ಮೂರನೆಯದಕ್ಕೆ ಜಾಗವಿಲ್ಲ. ಗಾಡಿಯವರನ್ನು ಕೇಳಿದರೆ ಕಚೇರಿಗೆ ಹೋಗಿ ಎನ್ನುತ್ತಾರೆ, ಕಚೇರಿಯಲ್ಲಿ ಗಾಡಿಗೇ ಕೊಡಿ ಎನ್ನುತ್ತಾರೆ. ಬೆಂಗಳೂರಿನ ಹೊರಗೆ ದಾಬಸ್‌ಪೇಟೆಯಲ್ಲಿ ಅಪಾಯಕಾರಿ ತ್ಯಾಜ್ಯವನ್ನು ಹೂಳುವ ವ್ಯವಸ್ಥಿತ ತಾಣವಿದೆ, ಆದರೆ ಅದು ಕಾರ್ಖಾನೆಗಳಿಗಾಗಿ ಇರುವುದು. ಒಂದು ಡಬ್ಬಿ ಗಸಿ ಹಿಡಿದುಕೊಂಡು ಶಿವಮೊಗ್ಗದಿಂದ ಅಲ್ಲಿಗೆ ಹೋಗುವವರು ಯಾರು? ಪ್ರತಿ ಜಿಲ್ಲಾ ಕೇಂದ್ರದಲ್ಲಿ ತಿಂಗಳಿಗೊಂದು ದಿನವಾದರೂ ಇಂಥ ವಸ್ತುಗಳನ್ನು ಪಡೆದು, ಒಟ್ಟಾಗಿ ಅಲ್ಲಿಗೆ ಕಳಿಸುವ ಏರ್ಪಾಡನ್ನು ನಗರ ಸಂಸ್ಥೆಗಳು ಮತ್ತು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಸೇರಿ ಮಾಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇನೆ. ಇದರಿಂದ ಉಪಕಾರವಾಗುವುದು ಸೈಕಲ್ ಹುಚ್ಚಿನವರಿಗೆ ಮಾತ್ರವಲ್ಲ, ಮನೆಯಲ್ಲಿ ಉಳಿದ ಥಿನ್ನರ್ ಡಬ್ಬಿಯನ್ನು ಏನು ಮಾಡಬೇಕೆಂದು ತಿಳಿಯದ ಪ್ರತಿಯೊಬ್ಬರಿಗೂ.

ಲೇಖನದ ಮುಂದಿನ ಕಂತಿನಲ್ಲಿ ಬಣ್ಣ ಹಚ್ಚುವ ವಿಷಯ ಬರಲಿದೆ ಎಂದು ಸೂಚಿಸಿದ್ದೀರಿ. ಲೇಖಕರ ಬಗ್ಗೆ ನನಗೆ ಗೌರವವಿದೆ, ಅವರೊಡನೆ ಜಗಳವೇನೂ ಇಲ್ಲ. ಆ ಕಂತು ಹೊರಬರುವ ಮೊದಲೇ ಈ ಪತ್ರವನ್ನು, ಸ್ಥಳದ ಅಭಾವವಿದ್ದರೆ ಚಾರ್ಜರ್ ವಿಧಾನದ ಬಗೆಗಿನ ಭಾಗವನ್ನಷ್ಟಾದರೂ, ಪುರವಣಿಯ ಅದೇ ಪುಟದಲ್ಲಿ ಪ್ರಕಟಿಸಬೇಕೆಂದು ವಿನಂತಿ. ಬೇಸಿಗೆ ರಜೆಗೆ ಮಕ್ಕಳು ಅಜ್ಜನ ಮನೆಗೆ ಬಂದು ಹಳೆಯ ಸೈಕಲ್ ಹೊರಗೆಳೆಯುವ ಕಾಲ ಹತ್ತಿರವಾಗಿದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ,
ಶಿವಮೊಗ್ಗ